ನೀರಿಗೆ ಕೊಂಚ ಪುರುಸೊತ್ತು

ಒಗೆಯುವಾಗ ಏನೂ ಇಲ್ಲ. ಜಾಲಿಸುವಾಗಲೂ ಇಲ್ಲ.
ಕೊನೆಗೆ ಯಂತ್ರ ನೀರು ಉಗುಳುವ ಹೊತ್ತಿಗೆ
ನೆಲಮಾಳಿಗೆಯಿಂದ ಆ ಸದ್ದು,
ಕುಡಿಯುತ್ತಾ ನಕ್ಕವನಿಗೆ ನೆತ್ತಿಗೇರಿದಂತೆ.
ಆಮೇಲೆ ಗೋಡೆಯ ಕೊಳವೆ ಕೋಡಿ ಬೀಳುತ್ತದೆ:
ಬೂದುನೀರು, ನೊರೆ, ನನ್ನ ಕೆಲಸದ ಪ್ಯಾಂಟಿನ ಗ್ರೀಸಿನ ವಾಸನೆ
ಮೆಟ್ಟಿಲ ಬುಡದ ತನಕ.

ಪಿಟ್ಸ್‌ಬರ್ಗಿನ ಈ ಗುಡ್ಡದ ಮೇಲೆ ಮನೆಗಳು
ತುಂಬಿದ ಬಸ್ಸಿನಲ್ಲಿ ನಿಂತವರ ಹಾಗೆ
ಒಂದರ ಭುಜಕ್ಕೊಂದು ಒರಗಿವೆ.
ನಮ್ಮದಕ್ಕೆ ನೂರ ಹನ್ನೆರಡು ವರ್ಷ.
ಕೊಳ್ಳುವಾಗ ಬರ್ನಿಸ್ ಮೆಟ್ಟಿಲ ಕಟಾಂಜನ ಸವರಿ ನೋಡಿದಳು,
ನಾನು ಸೂರು ನೋಡಿದೆ.
ಬಚ್ಚಲ ಕೊಳವೆಯ ಯೋಗಕ್ಷೇಮ
ಇಬ್ಬರೂ ಕೇಳಲಿಲ್ಲ.

ಮೊದಲ ಶನಿವಾರ ಹೋಸಿನ ಮಡಿಕೆ ಬಿಡಿಸಿದೆ.
ಮುಂದಿನ ವಾರ ಪಂಪಿನ ಜಾಲರಿ ಬಿಚ್ಚಿದೆ:
ಎರಡು ಗುಂಡಿ, ಒಂದು ಹೇರ್‌ಪಿನ್ನು,
ಕಳೆದುಹೋಯಿತೆಂದು ಮಗಳು ಇಮೋಜಿನ್
ಊಟ ಬಿಟ್ಟು ಅತ್ತಿದ್ದ ಗೊಂಬೆಯ ಎಡಗಾಲ ಬೂಟು.
ಬೂಟು ಸಿಕ್ಕಿತು. ಕೋಡಿ ನಿಲ್ಲಲಿಲ್ಲ.
ಉಕ್ಕಿನ ಹಾವೊಂದನ್ನು ಬಾಡಿಗೆಗೆ ತಂದು
ಕೊಳವೆಗೆ ಬಿಟ್ಟು ತಿರುವಿದೆ, ತಿರುವಿದೆ.
ಬಂದದ್ದು ಬೂದು ನೂಲಿನ ಜಡೆ, ಮೊಳದುದ್ದ.
ಸತ್ತ ಇಲಿಯೆಂದು ಬರ್ನಿಸ್ ಕುರ್ಚಿ ಹತ್ತಿದಳು.
ಗೆದ್ದೆ ಅಂದುಕೊಂಡು ಹಾಸಿಗೆಬಟ್ಟೆ ಹಾಕಿದೆವು.
ಮತ್ತೆ ನೆತ್ತಿಗೇರಿತು.

ಡೆಲ್ಮರ್ ಪ್ರೂಯಿಟ್ ಬಂದ. ಟಾರ್ಚು ಹಿಡಿದು
ಗಂಟಲು ನೋಡುವ ಡಾಕ್ಟರ ಹಾಗೆ ಇಣುಕಿದ.
'ಆ ಅನ್ನು' ಅನ್ನುವುದೊಂದು ಬಾಕಿ.
"ಒಂದೂವರೆ ಅಂಗುಲ. ತುಕ್ಕು ಕೂತು
ಈಗ ಹೆಬ್ಬೆರಳೂ ಹೋಗದು.
ಕೊಳವೆಯದು ತಪ್ಪಲ್ಲ ಮಾರಾಯ,
ಇದು ಕೈಯಲ್ಲಿ ಹಿಂಡುವವರ ಕಾಲದ್ದು.
ನಿಮಿಷಕ್ಕೆ ನಾಲ್ಕು ಬಕೆಟ್ ಸುರಿದರೆ
ಪಾಪ ಅದೇನು ಮಾಡೀತು?"
ನೆಲ ಒಡೆದು ಹೊಸದು ಕೂರಿಸಲು
ಅವನು ಬರೆದುಕೊಟ್ಟ ಸಂಖ್ಯೆಯನ್ನು
ಫ್ರಿಜ್ಜಿಗೆ ಅಂಟಿಸಿದೆವು,
ಮುಖ ಒಳಗೆ ಮಾಡಿ.

ಹೇಳಿಕೊಟ್ಟದ್ದು ಪಕ್ಕದ ಲುಡ್ಮಿಲಾ ಹ್ರಬೋವ್ಸ್ಕಿ.
ಎಂಬತ್ತಮೂರು. ಬೇಲಿಯಾಚೆ ಸಿಗರೇಟು ಊದುತ್ತಾ
"ತೊಟ್ಟಿ ಎಲ್ಲಿ?" ಅಂದಳು.
ಯಾವ ತೊಟ್ಟಿ?
"ಆಗ್ನೆಸಳ ಒಗೆಯುವ ತೊಟ್ಟಿ.
ಗಂಡ, ನಾಲ್ಕು ಗಂಡುಮಕ್ಕಳು, ಐವರೂ ಉಕ್ಕಿನ ಕಾರ್ಖಾನೆ.
ಸೋಮವಾರ ತೊಟ್ಟಿಯ ನೀರು ಕಾಫಿ ಬಣ್ಣ.
ಬಿರಡೆ ಎಳೆದು, ಮೇಲೆ ಬಂದು ಕೂರುತ್ತಿದ್ದಳು
ನೀರು ಇಳಿಯುವಷ್ಟು ಹೊತ್ತು.
ವಾರದಲ್ಲಿ ಅವಳು ಕೂತದ್ದು ಅಷ್ಟೇ."

ತೊಟ್ಟಿ ನಮ್ಮ ಹಿತ್ತಿಲಲ್ಲೇ ಇತ್ತು.
ಅದರಲ್ಲಿ ಪುದೀನ ಬೆಳೆದಿತ್ತು.
ತೊಟ್ಟಿ ಕಿತ್ತವರು ಅದರ ತೂಬಿಗೇ
ಈ ಕೊಳವೆ ಚುಚ್ಚಿ ಹೋಗಿದ್ದರು.

ಡೆಲ್ಮರ್, ನಾನು, ಲುಡ್ಮಿಲಾಳ ಮೊಮ್ಮಗ ಆನ್ಸೆಲ್,
ಮೂವರು ಹೊತ್ತು ಇಳಿಸಿದೆವು.
ಕಾಂಕ್ರೀಟಿನದು. ತೂಕ ಗೊತ್ತಿಲ್ಲ,
ಬೈಗುಳಗಳ ಲೆಕ್ಕ ಇದೆ.
ಹಳೆಯ ಜಾಗದಲ್ಲಿ ಕೂತಾಗ
ನೆಲದ ಮೇಲಿದ್ದ ಕಲೆಗೂ ಅದರ ಕಾಲಿಗೂ
ಕೂದಲಷ್ಟೂ ವ್ಯತ್ಯಾಸವಿಲ್ಲ.
ಅಂಚಿಗೆ ಹೋಸು ಸಿಕ್ಕಿಸಿ, ಅದರ ಬಾಯಿಗೆ
ಬರ್ನಿಸಳ ಹರಿದ ಕಾಲುಚೀಲ ಕಟ್ಟಿದೆವು,
ನೂಲು ಹಿಡಿಯಲಿ ಎಂದು.

ಯಂತ್ರ ಸುರಿಯಿತು, ಎಂದಿನ ಆತುರದಲ್ಲೇ.
ತೊಟ್ಟಿ ಏರಿತು, ಏರಿತು,
ಅಂಚಿಗೆ ಗೇಣು ಬಾಕಿ ಇರುವಾಗ
ನಿಂತಿತು.
ಕೆಳಗೆ ಆ ಸಣ್ಣ ಗಂಟಲು
ತನ್ನ ಪಾಡಿಗೆ, ಗುಟುಕು ಗುಟುಕಾಗಿ.
ಸದ್ದಿಲ್ಲ. ಒಂದು ಪುದೀನ ಎಲೆ
ನೊರೆಯ ಮೇಲೆ ಸುತ್ತುತ್ತಿತ್ತು.

ಹನ್ನೊಂದು ನಿಮಿಷ. ನಾವಿಬ್ಬರೂ ಮೆಟ್ಟಿಲ ಮೇಲೆ ಕೂತಿದ್ದೆವು.
ಬರ್ನಿಸ್ ನನ್ನ ಹೆಗಲಿಗೆ ಒರಗಿ
"ಇನ್ನೂ ಒಂದು ಸುತ್ತು ಬಟ್ಟೆ ಇದೆ" ಅಂದಳು.
ಇರಲಿ ಅಂದೆ.