ಪೆನಾಲ್ಟಿ

ಗೆದ್ದರ ಮ್ಯಾಲಿನ ಲೀಗು.
ಮ್ಯಾಲಿನ ಲೀಗಂದರ
ಹದಿನೆಂಟು ಮಂದಿಗೆ ರೈಲು, ರೂಮು, ಎರಡು ಹೊತ್ತಿನ ಊಟ,
ಡಾಕ್ಟರ್ ಬ್ಯಾರೆ.

ಶಾಬಾದದ ಫರಸಿ ಮಾರಿ ಸಾಕಿದ ಟೀಮು.
ಈಗ ಎಲ್ಲರಿಗೂ ಟೈಲ್ಸ್ ಬೇಕು.
ಕಟಿಂಗ್ ಮಷೀನು ಹೋದ ಶ್ರಾವಣಕ್ಕ ಹೋತು,
ಅದರ ದುಡ್ಡು ಬೂಟಾತು, ಆ ಬೂಟೂ ಬಾಯಿ ಬಿಟ್ಟಾವ.
ಇವತ್ತು ಟಿಕೀಟು ಹರದದ್ದು ನಲವತ್ತೊಂದು;
ಉಳಿದ ಊರು ಖಣಿ ದಿಬ್ಬದ ಮ್ಯಾಲೆ ಪುಕ್ಕಟ ಕುಂತದ.

"ಸೋತರೂ ನಡೀತದಲ್ಲ ಮಾಲಕ್ರೆ?"
ಮುನೀಮ ದಸ್ತಗೀರ ಕಿವಿಯಾಗ ಅಂದ.
ನಾ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಚೆಂಡಿನ ಮುಂದ ಯಲ್ಲಾಲಿಂಗ.
ಮೂರು ತಿಂಗಳ ಪಗಾರ ಬಾಕಿ ಅವಂದು.
ಎರಡು ಹೆಜ್ಜಿ ಹಿಂದ ಸರದ,
ನನ್ನ ಕಡಿ ನೋಡಿದ.

ನಾ ಲೆಕ್ಕದ ವಹಿಯಿಂದ ಮುಖ ಮುಚಗೊಂಡೆ.
ದಿಬ್ಬ ಒದರಿತು.
ವಹಿ ಎಲ್ಲಿ ಬಿತ್ತೋ, ಇನ್ನೂ ಸಿಕ್ಕಿಲ್ಲ.