ಧೂಳಿನ ಕೆಲಸ

ವಾಚ್ ಫ್ಯಾಕ್ಟರಿಯಲ್ಲಿ ಇಪ್ಪತ್ತಾರು ವರ್ಷ
ನನ್ನ ಬೆಂಚಿಗೆ ಧೂಳೇ ಶತ್ರು.
ಬರಿಗಣ್ಣಿಗೆ ಕಾಣದ ಒಂದು ಕಣ
ಚಕ್ರದ ಹಲ್ಲಿಗೆ ಸಿಕ್ಕಿದರೂ
ಇಡೀ ಟ್ರೇ ವಾಪಸ್ಸು.
ಸೀನು ಬಂದರೆ ಎದ್ದು ಹೊರಗೆ ಹೋಗಬೇಕು.

ಈಗ ಕ್ಯಾತ್ಸಂದ್ರದ ಈ ಕೋಣೆಯಲ್ಲಿ
ಅದೇ ಚಿಮಟ, ಅದೇ ಕಣ್ಣುಬಿಲ್ಲೆ,
ಗೇಣುದ್ದದ ಮಿಲಿಟರಿ ಲಾರಿಗೆ
ಧೂಳು ಹಚ್ಚುತ್ತಾ ಕೂತಿದ್ದೇನೆ.

ಕೇಳಿದವರು ಹಿಂದಿನ ಬೀದಿಯ ಗಂಗಹನುಮಯ್ಯ,
ಹವಾಲ್ದಾರ್, ಹದಿನೇಳು ವರ್ಷ ಶಕ್ತಿಮಾನ್ ಡ್ರೈವರ್.
‘ವಾಚಮ್ಮ, ನನ್ನ ಗಾಡಿ ಒಂದು ಮಾಡಿಕೊಡಿ.
ಫೋಟೋ ಇಲ್ಲ. ಬಾಯಲ್ಲಿ ಹೇಳ್ತೀನಿ.’

ಗಾಲಿ ಎಷ್ಟೆತ್ತರ?
‘ನನ್ನ ಸೊಂಟಕ್ಕೆ.’
ಟೇಪು ತಂದು ಅವರ ಸೊಂಟ ಅಳೆದೆ,
ಮೂವತ್ತೈದರಿಂದ ಭಾಗಿಸಿದೆ.
ಯಾವ ಹಸಿರು?
‘ಹುಣಸೆ ಎಲೆ, ಇನ್ನೇನು ಒಣಗಬೇಕು, ಅಂಥದ್ದು.’

ಅವಧಿ ಮುಗಿದ ಎಟಿಎಂ ಕಾರ್ಡು ಕತ್ತರಿಸಿ ಕ್ಯಾಬಿನ್ನು,
ಬಿಪಿ ಮಾತ್ರೆ ಹಾಳೆಯ ಗುಳ್ಳೆ ಹೆಡ್‌ಲೈಟು,
ನಿಂತುಹೋದ ಎರಡು ವಾಚಿನ
ಸೆಕೆಂಡ್ ಮುಳ್ಳು ಕಿತ್ತು ವೈಪರ್ ಮಾಡಿದೆ.
ಲಾರಿ ಕುಗ್ಗಿತು, ಆಳು ಕುಗ್ಗಿದ, ಬೆಟ್ಟವೇ ಕುಗ್ಗಿತು;
ಒಂದು ಸೆಕೆಂಡನ್ನು ಮಾತ್ರ
ಮೂವತ್ತೈದರಿಂದ ಭಾಗಿಸಲು ನನಗೆ ಬರಲಿಲ್ಲ.

ಹೊಸ ಲಾರಿ ಫಳಫಳ ಹೊಳೆಯಿತು.
ಅವರು ನೋಡಿ ಮುಖ ಸಣ್ಣಗೆ ಮಾಡಿದರು.
‘ಇದು ಓಡಿಲ್ಲ.’

ಸರಿ, ಹಾಳು ಮಾಡಬೇಕು.
ಅದನ್ನು ನನಗೆ ಯಾರೂ ಕಲಿಸಿರಲಿಲ್ಲ.
ಸೂಜಿ ಕಾಯಿಸಿ ಬಂಪರು ನೆಗ್ಗಿಸುವಾಗ
ಬೆರಳು ತಾನಾಗೇ ಹಿಂದೆ ಸರಿಯಿತು,
ಬೆನ್ನ ಹಿಂದೆ ಇನ್‌ಸ್ಪೆಕ್ಟರ್ ಮೇಡಂ ನಿಂತ ಹಾಗೆ.

ದೇವರಾಯನದುರ್ಗದ ದಾರಿಯ ಕೆಮ್ಮಣ್ಣು ತಂದು
ಮಲ್ಮಲ್ ಬಟ್ಟೆಯಲ್ಲಿ ಮೂರು ಸಲ ಸೋಸಿ ಹಚ್ಚಿದೆ.
ಗಂಗಹನುಮಯ್ಯ ಬಿದ್ದು ಬಿದ್ದು ನಕ್ಕರು.
‘ಗಾಡಿ ಶಿರಾ ಗೇಟಲ್ಲಿ ಕೆಟ್ಟು ನಿಂತಿದೆ ನೋಡಿ!
ಲಡಾಖಿನ ಧೂಳು ಬೂದಿ ಥರ.
ಹಲ್ಲಿಗೆ ಸಿಗುತ್ತೆ, ರುಚಿ ಇಲ್ಲ.’
ಒಲೆಯ ಬೂದಿಗೆ ರಾಗಿ ಹಿಟ್ಟು ಬೆರೆಸಿದೆ, ನುಸಿ ಬಿತ್ತು.
ಟಾಲ್ಕಂ ಪೌಡರು ಬೆರೆಸಿದೆ.
ಮೂಗಿನ ಹತ್ತಿರ ಹಿಡಿದು ಮಲ್ಲಿಗೆ ವಾಸನೆ ಎಂದರು,
ಆದರೆ ಬೇಡ ಎನ್ನಲಿಲ್ಲ.

ಯುದ್ಧ ಬೇಕಾ, ಹೊಗೆ, ಬಂಕರು?
ಬೇಡವಂತೆ. ಒಂದು ರಾತ್ರಿ ಸಾಕಂತೆ.
ಡೀಸೆಲ್ ಗಡ್ಡೆಕಟ್ಟಿ ಗಾಡಿ ಕಣಿವೆಯಲ್ಲಿ ನಿಂತದ್ದು,
ಅಡಿಗೆ ಒಬ್ಬ ತೂರಿ
ಚಿಂದಿ ಉರಿಸಿ ಟ್ಯಾಂಕಿಗೆ ಶಾಖ ಕೊಟ್ಟದ್ದು.
‘ಮುಖ ಮಾಡಬೇಡಿ. ಬೂಟು ಸಾಕು,
ಚಾಸಿ ಕೆಳಗಿಂದ ಇಷ್ಟೇ ಇಷ್ಟು.’

ಅಕ್ಕಿಕಾಳಿನಷ್ಟರ ಎರಡು ಬೂಟು.
ಲಾಡದ ಮೊಳೆಯನ್ನೂ ಕೂರಿಸಿದೆ.
ನಿಮ್ಮವೇ? ಎಂದೆ.
‘ಅಲ್ಲ. ನಾನು ಮೇಲೆ ಕೂತಿದ್ದೆ.
ಕಂಬಳಿ ಹೊದ್ದು.’
ಕಣ್ಣುಬಿಲ್ಲೆ ಇಸಕೊಂಡು ತುಂಬ ಹೊತ್ತು ನೋಡಿದರು.
ಹೆಸರು ಹೇಳುತ್ತಾರೇನೋ ಎಂದು ಕಾದೆ.
‘ಎಡಗಡೆ ಲೈಟು ಉರೀತಿರಲಿಲ್ಲ’ ಎಂದರು.
ಅದಕ್ಕೆ ಕಪ್ಪು ಬಳಿದೆ.

ಅವರ ಮನೆಗೆ ಕೊಟ್ಟ ನಾಲ್ಕನೇ ದಿನ
ಸೊಸೆ ನಾಗರತ್ನ ಟಿವಿ ಪಕ್ಕ ಗುಡಿಸುತ್ತಾ
ಒದ್ದೆ ಬಟ್ಟೆ ತಗೊಂಡು ಲಾರಿ ಒರೆಸಿಬಿಟ್ಟಳು.
‘ಎಷ್ಟು ಧೂಳು ಕೂತಿತ್ತು ಆಂಟಿ,
ನೋಡಿ ಈಗ ಹೇಗಿದೆ!’
ಎರಡು ತಿಂಗಳ ನನ್ನ ಬೂದಿ
ಬಕೆಟ್ಟಿನ ನೀರಲ್ಲಿ.
ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಗಂಗಹನುಮಯ್ಯ ಬೈಯಲಿಲ್ಲ.
‘ಜನರಲ್ ಸಾಹೇಬರು ಬರೋ ಹಿಂದಿನ ದಿನ
ನಾವೂ ಹೀಗೇ ತೊಳೀತಿದ್ವಿ’ ಎಂದರು.
ಆಮೇಲೆ ನೆಲಕ್ಕೆ ಕೂತು,
ಮಂಡಿ ಲಟ್ಟೆಂದರೂ ಬಿಡದೆ ಬಗ್ಗಿ,
ಚಾಸಿ ಅಡಿಗೆ ಟಾರ್ಚು ಬಿಟ್ಟರು.

ಬಟ್ಟೆ ಅಲ್ಲಿಗೆ ತಲುಪಿರಲಿಲ್ಲ.
ಬೂಟಿನ ಮೇಲೆ ನಾನು ಹಚ್ಚಿದ್ದು
ಹಚ್ಚಿದ ಹಾಗೇ ಇತ್ತು.

ಮತ್ತೆ ಸೋಸಿ ತರಲಾ? ಎಂದೆ.
ಟಾರ್ಚು ಆರಿಸಲಿಲ್ಲ ಅವರು.