ಡಬ್ಬಿ ವಾಪಸ್ ತರಬೇಕು

ಮೂವತ್ತಾರು ಚಿತ್ರ, ಒಂದು ಡಬ್ಬಿ.
ತುಂಬಿಸುವುದಕ್ಕೆ ಎಂಟು ತಿಂಗಳು ಹಿಡಿಯಿತು.
ನಾಲೆ ಕಚೇರಿಯಲ್ಲಿ ಗೇಜು ಓದುವವನಿಗೆ
ದಿನಕ್ಕೆ ಎರಡು ಸಲ ನೀರು ನೋಡುವ ಕೆಲಸ,
ಉಳಿದ ಹೊತ್ತು ಬೆಳಕು ನೋಡುತ್ತಿದ್ದೆ.

ಮೊದಲು ಮಂಡ್ಯದಲ್ಲೇ ಕೇಳಿದೆ, ನೂರಡಿ ರಸ್ತೆಯ ಸ್ಟುಡಿಯೋದಲ್ಲಿ.
ಹುಟ್ಟುಹಬ್ಬದ ಫ್ಲೆಕ್ಸಿಗೆ ಯಾರದೋ ಮೀಸೆ ತಿದ್ದುತ್ತಿದ್ದ ಹುಡುಗ
ಡಬ್ಬಿ ಅಲ್ಲಾಡಿಸಿ ಕಿವಿಗಿಟ್ಟುಕೊಂಡ,
ತೆಂಗಿನಕಾಯಿ ಕೊಳ್ಳುವವನ ಹಾಗೆ.
'ರೀಲಾ? ಅದೆಲ್ಲಾ ಓಯ್ತು ಬುಡಿ ಸಾ.'
ಪಾಸ್‌ಪೋರ್ಟ್ ಸೈಜಾದರೆ ಐದೇ ನಿಮಿಷವಂತೆ,
ಕೋಟು ಕೂಡ ಅವನೇ ತೊಡಿಸುತ್ತಾನಂತೆ.

ಆಮೇಲೆ ಮೈಸೂರು. ಪ್ಯಾಸೆಂಜರ್ ಗಾಡಿ,
ಬಿಸಿಲು ತಾಗದಿರಲೆಂದು ಡಬ್ಬಿ ಮೊಸರನ್ನದ ಬುತ್ತಿಯ ಪಕ್ಕ.
ದೇವರಾಜ ಅರಸು ರಸ್ತೆಯಲ್ಲಿ ತಣ್ಣಗಿನ ಅಂಗಡಿ:
ಮುಂಬೈಗೆ ಕಳಿಸುತ್ತೇವೆ, ಏಳುನೂರು, ಮೂರು ವಾರ,
ಕಳೆದುಹೋದರೆ ಹೊಣೆಯಲ್ಲ.
ಇಷ್ಟನ್ನೂ ನಗುನಗುತ್ತಲೇ ಹೇಳಿದಳು, ರಸೀದಿ ಪುಸ್ತಕ ತೆರೆದು.
ಏಳುನೂರಕ್ಕೆ ನಮ್ಮ ಮನೆಯ ತಿಂಗಳ ಹಾಲು ಮುಗಿಯುತ್ತದೆ.

ಶಿವರಾಂಪೇಟೆಯವನು ನೂರೈವತ್ತು ಅಂದಿದ್ದ, ಹೋದ ವರ್ಷ.
ಕೊಟ್ಟಿದ್ದೆ. ಅದು ಬೇರೆ ರೋಲು, ಅದರ ಮಾತು ಬೇಡ.
ಇಡೀ ಉದ್ದಕ್ಕೆ ಉಗುರಿನ ಗೀರು,
ಅಕ್ಕನ ಮಗಳ ಆರತಿಯಲ್ಲಿ ಅವಳ ಹಣೆಯ ಮೇಲೆ
ಟೆಲಿಫೋನ್ ತಂತಿ ಹಾದುಹೋದ ಹಾಗೆ.
ಕೇಳಿದರೆ, 'ಕ್ಯಾಮೆರಾ ಹಳೇದು ಸಾರ್, ಅದರದ್ದೇ.'
ಬೇಡ ಅಂದವನೇ ಹೇಳಿಬಿಟ್ಟೆ ನೋಡಿ.

ಮಂಡಿ ಮೊಹಲ್ಲಾದ ಗಡಿಯಾರ ರಿಪೇರಿಯ ಮುದುಕ
ಕಣ್ಣಿನ ಭೂತಗನ್ನಡಿ ತೆಗೆಯದೆಯೇ ಹೇಳಿದ:
'ಲೂರ್ದುಸ್ವಾಮಿ ಅಂತ. ಚರ್ಚಿನ ಹಿಂದೆ, ನೀಲಿ ಗೇಟು.
ಬೋರ್ಡಿಲ್ಲ. ನಲ್ಲಿ ಬರುವ ದಿನ ಹೋಗಿ.'

ನಲ್ಲಿ ಬರುವ ದಿನವೇ ಹೋದೆ.
ಬನಿಯನ್ನು, ಪಂಚೆ, ಬೆರಳ ತುದಿಯೆಲ್ಲ ಕಂದು.
ಮೂವತ್ತೊಂದು ವರ್ಷ ದೊಡ್ಡಾಸ್ಪತ್ರೆಯ ಎಕ್ಸ್‌ರೇ ಕತ್ತಲಕೋಣೆ.
'ಬರೇ ಮುರಿದದ್ದನ್ನೇ ತೊಳೆದೆ ಸ್ವಾಮಿ. ಪಕ್ಕೆಲುಬು, ಮೊಣಕೈ,
ಮಗು ನುಂಗಿದ ನಾಲ್ಕಾಣೆ.
ಈಗ ಇಡೀ ಜನ ಬರ್ತಾರೆ, ಬಟ್ಟೆ ಹಾಕ್ಕೊಂಡು.'

ಬಚ್ಚಲಿಗೆ ಕಪ್ಪು ಪರದೆ, ಹಂಡೆಯ ಮೇಲೊಂದು ಹಲಗೆ.
ಮಡಕೆ ನೀರಿಗೆ ಥರ್ಮಾಮೀಟರ್ ಇಳಿಬಿಟ್ಟು
ಇಪ್ಪತ್ತಕ್ಕೆ ಬರುವತನಕ ನನ್ನನ್ನು ಮಾತಾಡಿಸಲಿಲ್ಲ.
ನಾನೂ ಸುಮ್ಮನಿದ್ದೆ. ನೀರಿನ ಗುರುತು ನೋಡುತ್ತ ನಿಲ್ಲುವುದು
ನನಗೇನು ಹೊಸದೆ?

'ಎಷ್ಟು?'
'ತೊಂಬತ್ತು.'
ಒಮ್ಮೆ ಸುಟ್ಟ ನಾಲಿಗೆ, ಅಗ್ಗವೆಂದರೂ ಅನುಮಾನ.
ಅವನಿಗದು ತಿಳಿಯಿತು. ಮೂಲೆಯ ಕ್ಯಾನು ತೋರಿಸಿದ:
'ಹಳೇ ಹೈಪೊ. ನಿಮ್ಮ ಚಿತ್ರದಲ್ಲಿ ಎಲ್ಲೆಲ್ಲಿ ಬೆಳಕು ಬಿದ್ದಿಲ್ಲವೋ
ಅಲ್ಲಿನ ಬೆಳ್ಳಿಯೆಲ್ಲ ಇದಕ್ಕೆ ಇಳಿಯುತ್ತೆ.
ಅಶೋಕ ರಸ್ತೆಯ ಅಕ್ಕಸಾಲಿ ಬಂದು ಒಯ್ತಾನೆ.
ನಿಮ್ಮ ಕತ್ತಲೇಲಿ ನನ್ನ ಕಾಫಿಪುಡಿ.
ಡಬ್ಬಿ ಮಾತ್ರ ವಾಪಸ್ ತರಬೇಕು,
ಒಂದು ರೋಲಿನ ಮದ್ದು ಅದರಲ್ಲೇ ಅಳೆದಿಡೋದು.'

ಮುಂದಿನ ಭಾನುವಾರ, ಪೂಜೆ ಮುಗಿಸಿ ಬಂದು, ಒದ್ದೆ ಕ್ರಾಪು,
ಬಟ್ಟೆ ಕ್ಲಿಪ್ಪಿನ ಸಮೇತ ಕಿಟಕಿಗೆ ಹಿಡಿದ.
'ಏಳು, ಎಂಟು: ಹಿಂದಿನ ಮುಚ್ಚಳ ತೆರೆದಿದ್ದೀರಿ.'
ತೆರೆದಿದ್ದೆ. ಯಾರಿಗೂ ಹೇಳಿರಲಿಲ್ಲ.
'ಹತ್ತೊಂಬತ್ತು: ಕೈ ನಡುಗಿದೆ.
ಇಪ್ಪತ್ತೆರಡು ಚೆನ್ನಾಗಿದೆ, ಯಾರಿದು?'
ತೂಬಿನ ಮೇಲೆ ಕೂತು ಬೀಡಿ ಹಚ್ಚುವ ನಮ್ಮ ನೀರಗಂಟಿ ಚಿಕ್ಕಬೋರ.
ನೆಗೆಟಿವಿನಲ್ಲಿ ಅವನ ನರೆತ ಮೀಸೆ ಕಪ್ಪೋ ಕಪ್ಪು,
ಫ್ಲೆಕ್ಸಿನ ಹುಡುಗ ತಿದ್ದಿದ್ದರೂ ಅಷ್ಟು ಹರೆಯ ಬರುತ್ತಿರಲಿಲ್ಲ.
'ಇದು, ಮೂವತ್ತೊಂದು,' ಬೆರಳು ನಿಂತಿತು,
'ನೀರಿನ ಕಲೆ. ಸರಿಯಾಗಿ ಒರೆಸಲಿಲ್ಲ.
ಇದು ನನ್ನ ತಪ್ಪು.'

ತೊಂಬತ್ತರಲ್ಲಿ ಹತ್ತು ಹಿಂದಕ್ಕೆ ಕೊಟ್ಟ.
ಬೇಡವೆಂದೆ. ಜೇಬಿಗೇ ತುರುಕಿದ.

ಸಂಜೆ ಗಾಡಿಯಲ್ಲಿ, ಶ್ರೀರಂಗಪಟ್ಟಣದ ಸೇತುವೆ ಬಂದಾಗ
ಸುರುಳಿ ಬಿಚ್ಚಿ ಹೊಳೆಯ ಬೆಳಕಿಗೆ ಹಿಡಿದೆ.
ಮೂವತ್ತೊಂದು ನಾಲೆಯ ಚಿತ್ರ.
ಕಲೆ ಯಾವುದು, ನೀರು ಯಾವುದು,
ಪಾಂಡವಪುರದ ತನಕ ಹುಡುಕಿದೆ.

ಡಬ್ಬಿ ಈಗ ಗೇಜು ಪುಸ್ತಕದ ಪಕ್ಕದಲ್ಲಿದೆ, ಖಾಲಿ.
ಬರಿ ಡಬ್ಬಿ ಹಿಡಿದು ಅಷ್ಟು ದೂರ ಹೋದರೆ ಚೆಂದವೆ?
ನಿನ್ನೆ ಹೊಸ ರೋಲು ಹಾಕಿದೆ.
ಚಿಕ್ಕಬೋರ ಆಗಲೇ ಮೀಸೆ ತೀಡಿಕೊಂಡು ಕೂತಿದ್ದಾನೆ.